ಕಿಂಗ್ಡಾ ಕಾ ಶುರುವಾದ ವರ್ಷ ಸೋಮವಾರಪೇಟೆಯಲ್ಲಿ

2005ರಲ್ಲಿ ಅಮೆರಿಕದ ಕಿಂಗ್ಡಾ ಕಾ ರೋಲರ್ ಕೋಸ್ಟರ್ ಆರಂಭವಾದಾಗ ಎಂಥ ಕುತೂಹಲವಿತ್ತು, ನಮ್ಮ ಕಡೆ ಯಾರಿಗಾದರೂ ಅದು ನೆನಪಿದೆಯೇ ಎಂದು ನೀವು ಕೇಳಿದ್ದೀರಿ. ನನಗೆ ಚೆನ್ನಾಗಿಯೇ ನೆನಪಿದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಅದರಲ್ಲಿ ಒಮ್ಮೆಯೂ ಕುಳಿತವನಲ್ಲ. ಆಗ ಕುಶಾಲನಗರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ, ಮನೆ ಸೋಮವಾರಪೇಟೆಯ ಹತ್ತಿರ, ನಾಲ್ಕು ಎಕರೆ ಕಾಫಿ ತೋಟದ ನಡುವೆ. ನನ್ನ ನೆನಪೆಲ್ಲ ದೂರದಿಂದ ಕಾದು ಕುಳಿತವನ ನೆನಪು.

ಸುದ್ದಿ ತಲುಪಿದ್ದು ದೊಡ್ಡಪ್ಪನ ಮಗ ಅಣ್ಣನಿಂದ. ಅವನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. 2004ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ಜ್ಯಾಕ್ಸನ್ ಎಂಬ ಊರಿನ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಮನರಂಜನಾ ಉದ್ಯಾನವು 456 ಅಡಿ, ಅಂದರೆ 139 ಮೀಟರ್ ಎತ್ತರದ ರೋಲರ್ ಕೋಸ್ಟರ್ ಕಟ್ಟುವುದಾಗಿ ಪ್ರಕಟಿಸಿದಾಗ ಅವನು ಆ ಸುದ್ದಿಯನ್ನು ನನಗೆ ಮಿಂಚಂಚೆಯಲ್ಲಿ ಕಳುಹಿಸಿದ. ನಾನು ಅದನ್ನು ಓದಿದ್ದು ವಾರ ಕಳೆದ ಮೇಲೆ, ಸೈಬರ್ ಸೆಂಟರಿಗೆ ಹೋದಾಗ. ಕುತುಬ್ ಮಿನಾರಿನ ಎತ್ತರ ಸುಮಾರು 73 ಮೀಟರ್ ಎಂದು ಶಾಲೆಯಲ್ಲಿ ಓದಿದ್ದು ತಲೆಯಲ್ಲಿತ್ತು, ಇದು ಹೆಚ್ಚುಕಡಿಮೆ ಅದರ ಎರಡರಷ್ಟು. ಮನೆಗೆ ಬಂದು ತೋಟದ ಸಿಲ್ವರ್ ಮರಗಳನ್ನು ನೋಡಿದೆ. ಮೆಣಸಿನ ಬಳ್ಳಿ ಹಬ್ಬಿಸಿದ್ದ ಆ ಮರಗಳಲ್ಲಿ ಒಳ್ಳೆಯದೊಂದು ನೂರಡಿ ಇದ್ದೀತು. ಅಂಥ ನಾಲ್ಕನ್ನು ಒಂದರ ಮೇಲೊಂದು ನಿಲ್ಲಿಸಿ ಇನ್ನರ್ಧ ಸೇರಿಸಬೇಕೆಂದು ಲೆಕ್ಕ ಹಾಕುತ್ತ ಕತ್ತೆತ್ತಿ ನಿಂತವನನ್ನು ಕಂಡು, ಏಣಿಯ ಮೇಲಿದ್ದ ಆಳು ಜೇನೇನಾದರೂ ಕಟ್ಟಿದೆಯೇ ಎಂದು ಕೇಳಿದ.

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಎತ್ತರದ ದೃಷ್ಟಿಯಿಂದ ಹೊಸ ದಾರಿ ತೋರಿಸಿದ್ದು ಕಿಂಗ್ಡಾ ಕಾ ಅಲ್ಲ. 2003ರಲ್ಲಿ ಒಹಾಯೊದ ಸೀಡರ್ ಪಾಯಿಂಟಿನಲ್ಲಿ ಶುರುವಾದ 420 ಅಡಿಯ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್. ನಾನೂರು ಅಡಿ ದಾಟಿದ ಮೊದಲನೆಯದು ಅದೇ, ಎರಡನ್ನೂ ಕಟ್ಟಿದ್ದು ಇಂಟಾಮಿನ್ ಎಂಬ ಒಂದೇ ಸಂಸ್ಥೆ. ಆದರೂ ನಮ್ಮ ಪಾಲಿಗೆ ಸಂಭ್ರಮವಾದದ್ದು ಎರಡನೆಯದು, ಏಕೆಂದರೆ ಆ ಎರಡು ವರ್ಷಗಳಲ್ಲಿ ಸೋಮವಾರಪೇಟೆಗೆ ಇಂಟರ್ನೆಟ್ ಬಂದಿತ್ತು. ಬಂದಿತ್ತು ಎಂದರೆ ಹೇಗೆ? ಬೇಸಿಗೆಯ ಒಂದು ಸಂಜೆ ಅಣ್ಣ ಕಳುಹಿಸಿದ ಚಿತ್ರವೊಂದನ್ನು ತೆರೆದೆ. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಬರೀ ಆಕಾಶ, ಆಮೇಲೆ ಹಸಿರು ಹಳಿಯ ಬಾಗಿದ ತುದಿ, ಆಮೇಲೆ ಎರಡು ಕಡೆಗೂ ನೇರವಾಗಿ ಇಳಿಯುವ ಕಂಬಗಳು, ಮತ್ತೆ ಕಂಬಗಳು, ಮತ್ತೂ ಕಂಬಗಳು. ನೆಲ ಕಾಣಿಸುವ ಮೊದಲೇ ಕರೆಂಟು ಹೋಯಿತು. ಆ ಗೋಪುರದ ಬುಡವನ್ನು ನಾನು ನೋಡಿದ್ದು ಮುಂದಿನ ಶನಿವಾರ.

ಓದುತ್ತಿದ್ದುದು ಮೆಕ್ಯಾನಿಕಲ್ ಆದ್ದರಿಂದ ನನ್ನನ್ನೂ ನನ್ನ ಇಬ್ಬರು ಗೆಳೆಯರನ್ನೂ ಹೆಚ್ಚು ಕಾಡಿದ್ದು ಎತ್ತರವಲ್ಲ, ವೇಗ. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್! ಸಾಮಾನ್ಯ ರೋಲರ್ ಕೋಸ್ಟರಿನಲ್ಲಿ ಸರಪಳಿ ನಿಮ್ಮನ್ನು ನಿಧಾನವಾಗಿ ಮೇಲೆತ್ತಿ ಬಿಡುತ್ತದೆ, ಉಳಿದದ್ದು ಗುರುತ್ವದ ಕೆಲಸ. ಇಲ್ಲಿ ಪಂಪುಗಳು ಎಣ್ಣೆಯನ್ನು ತಳ್ಳಿ ದೊಡ್ಡ ಸಿಲಿಂಡರುಗಳಲ್ಲಿನ ನೈಟ್ರೋಜನ್ ಅನಿಲವನ್ನು ಒತ್ತಿಡುತ್ತಿದ್ದವು. ಆ ಒತ್ತಡವನ್ನು ಒಮ್ಮೆಗೇ ಬಿಟ್ಟಾಗ ಎಣ್ಣೆ ನುಗ್ಗಿ ಮೋಟಾರುಗಳನ್ನು ತಿರುಗಿಸಿ, ಮೋಟಾರುಗಳು ದೊಡ್ಡ ಡ್ರಮ್ಮಿಗೆ ಉಕ್ಕಿನ ಹಗ್ಗವನ್ನು ಸುತ್ತಿ, ಆ ಹಗ್ಗ ಹದಿನೆಂಟು ಜನ ಕುಳಿತ ರೈಲನ್ನು ಎಳೆದು ಎಸೆಯುತ್ತಿತ್ತು. ಎಣ್ಣೆಯ ಒತ್ತಡದ ಬಲ ಏನೆಂಬುದು ಮಡಿಕೇರಿ ದಸರೆಯ ಮಂಟಪ ಕಟ್ಟುವವರ ಹಿಂದೆ ತಿರುಗಿದ್ದ ನಮಗೆ ಅಲ್ಪಸ್ವಲ್ಪ ಗೊತ್ತಿತ್ತು, ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ರಾಕ್ಷಸನ ಗೊಂಬೆಯನ್ನು ಎದ್ದು ನಿಲ್ಲಿಸಬೇಕಾದರೆ ಟಿಪ್ಪರಿನ ಜ್ಯಾಕು ಬೇಕೆಂಬುದನ್ನು ನೋಡಿದ್ದೆವು. ಹಗ್ಗ ಸುತ್ತಿ ಎಳೆಯುವುದೂ ಹೊಸದಲ್ಲ, ತೋಟದಿಂದ ಮರದ ದಿಮ್ಮಿಗಳನ್ನು ಹಾಗೆಯೇ ಎಳೆಯುತ್ತಾರೆ. ಅಷ್ಟು ಪರಿಚಿತವಾದ ಎರಡು ಸಂಗತಿಗಳು ಸೇರಿ ಮನುಷ್ಯರನ್ನು ಆಕಾಶಕ್ಕೆ ಎಸೆಯಬಲ್ಲವು ಎಂಬುದು ನಮಗೆ ಕೊನೆಗೂ ಪೂರ್ತಿಯಾಗಿ ಅರಗಲಿಲ್ಲ.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಏರು ದಾಟದೆ ಹಿಂದಕ್ಕೆ ಜಾರಿದರೆ ಚಕ್ರಕ್ಕೆ ಕಲ್ಲು ಕೊಡುವವರು ಯಾರು?" ಮಳೆಗಾಲದಲ್ಲಿ ನಮ್ಮ ಜೀಪು ತೋಟದ ಕೆಸರಿನ ಏರಿನಲ್ಲಿ ಹಾಗೆ ಜಾರುವುದು, ಹಿಂದೆ ಒಬ್ಬ ಕಲ್ಲು ಹಿಡಿದು ಓಡುವುದು ನಿತ್ಯದ ನೋಟವಾಗಿತ್ತು. ನಾನು ನಕ್ಕೆ. ಆಮೇಲೆ ಹುಡುಕಿ ನೋಡಿದರೆ ಅಪ್ಪ ಕೇಳಿದ್ದು ಆ ಯಂತ್ರದ ಬಗ್ಗೆ ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆಯೇ. ಎಸೆತದ ಬಲ ತುಸು ಕಡಿಮೆಯಾದರೂ ರೈಲು ತುದಿಯನ್ನು ಮುಟ್ಟದೆ ಬಂದ ದಾರಿಯಲ್ಲೇ ಹಿಂದಕ್ಕೆ ಬೀಳುವುದಿತ್ತು. ಅದಕ್ಕೆಂದೇ ರೈಲು ಮುಂದೆ ಹೋದೊಡನೆ ಹಳಿಯ ಮಧ್ಯದಿಂದ ಅಯಸ್ಕಾಂತೀಯ ಬ್ರೇಕಿನ ಲೋಹದ ಫಲಕಗಳು ಮೇಲೆದ್ದು ನಿಲ್ಲುತ್ತಿದ್ದವು. ಹಾಗೆ ಹಿಂದಕ್ಕೆ ಬಿದ್ದವರು ಹೆದರುವುದಿರಲಿ, ಎರಡು ಸಲ ಏರುವ ಯೋಗ ಸಿಕ್ಕಿತೆಂದು ಹಿಗ್ಗುತ್ತಿದ್ದರಂತೆ.

2005ರ ಮೇ 21ರಂದು ಕಿಂಗ್ಡಾ ಕಾ ಸಾರ್ವಜನಿಕರಿಗೆ ತೆರೆಯಿತು. ಜೂನ್ 8ರಂದು ಎಸೆತದ ಭಾಗದಲ್ಲಿ ಒಂದು ಬೋಲ್ಟು ಮುರಿದು, ಹಗ್ಗಕ್ಕೂ ಹಾನಿಯಾಗಿ, ಆಗಸ್ಟ್ 4ರವರೆಗೆ ನಿಂತೇಹೋಯಿತು. ನಮ್ಮಲ್ಲಿಯೂ ಆ ಎರಡು ತಿಂಗಳು ಜಡಿಮಳೆ. ಕಿಂಗ್ಡಾ ಕಾ ಮಳೆ ಹನಿದರೂ ಓಡುವುದಿಲ್ಲ ಎಂಬುದನ್ನು ಆ ದಿನಗಳಲ್ಲೇ ಓದಿದ್ದು. ಸೋಮವಾರಪೇಟೆಯಲ್ಲಿ ಕಟ್ಟಿದ್ದರೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆಯುವವರೆಗೆ ಬೀಗ ಹಾಕಿಡಬೇಕಾಗುತ್ತಿತ್ತು ಎಂದು ಗೆಳೆಯರು ನಕ್ಕರು. ಅಪ್ಪನಿಗೆ ಈ ಒಂದು ವಿಷಯ ಮಾತ್ರ ಬಹಳ ಹಿಡಿಸಿತು. "ಅಷ್ಟು ದೊಡ್ಡದು, ಹನಿಗೆ ಹೆದರುತ್ತದಾ?" ಎಂದು ಬಂದವರಿಗೆಲ್ಲ ಹೇಳಿದರು.

ಆಗಸ್ಟ್ ಕೊನೆಯಲ್ಲಿ ಅಣ್ಣ ಹೋಗಿ ಕುಳಿತು ಬಂದ. ನಾವು ಎಸ್‌ಟಿಡಿ ಬೂತಿನ ಮುಂದೆ ಕಾದು ಅವನ ಕರೆ ಹಿಡಿದೆವು. ಅವನು ಮೊದಲು ಹೇಳಿದ್ದು ಎತ್ತರವನ್ನೂ ಅಲ್ಲ, ವೇಗವನ್ನೂ ಅಲ್ಲ. ರೈಲು ಹೊರಡುವ ಮುನ್ನ ತುಸು ಹಿಂದಕ್ಕೆ ಸರಿಯುತ್ತದೆ, ಆಮೇಲೆ ಕೆಲವು ಕ್ಷಣ ಏನೂ ಆಗುವುದಿಲ್ಲ, ಆಗ ಹದಿನೆಂಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ ಎಂದ. ಸವಾರಿ ಮುಗಿದದ್ದು ಅರ್ಧ ನಿಮಿಷದೊಳಗೆ. ತುದಿಯಲ್ಲಿ ಕಣ್ಣು ಬಿಟ್ಟಿದ್ದೆಯಾ ಎಂದು ಕೇಳಿದ್ದಕ್ಕೆ ಉತ್ತರಿಸದೆ ದೊಡ್ಡಮ್ಮನ ಮಂಡಿನೋವಿನ ವಿಚಾರಕ್ಕೆ ಹೋದ.

ಅದೇ ವರ್ಷ ಬೆಂಗಳೂರಿನ ಬಳಿ ವಂಡರ್‌ಲಾ ತೆರೆಯಿತು, ಕೆಲಕಾಲದ ನಂತರ ನಾನು ಕುಳಿತ ಮೊದಲ ರೋಲರ್ ಕೋಸ್ಟರ್ ಅಲ್ಲಿಯದು. ಕಿಂಗ್ಡಾ ಕಾದ ವೇಗದ ವಿಶ್ವದಾಖಲೆಯನ್ನು 2010ರಲ್ಲಿ ಅಬುಧಾಬಿಯ ಫಾರ್ಮುಲಾ ರೊಸ್ಸಾ ಮುರಿಯಿತು. ಎತ್ತರದ ದಾಖಲೆ ಅದು ಓಡುತ್ತಿದ್ದಷ್ಟು ಕಾಲವೂ ಅದರದೇ ಆಗಿತ್ತು. 2024ರ ನವೆಂಬರಿನಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಿದರು, 2025ರ ಫೆಬ್ರವರಿ 28ರಂದು ಸ್ಫೋಟಕವಿಟ್ಟು ಕೆಡವಿದರು.

ಕೆಡವಿದ ವಿಡಿಯೊವನ್ನೂ ಕಳುಹಿಸಿದ್ದು ಅಣ್ಣನೇ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ದಿನಗಳು, ಅಪ್ಪ ಜಗಲಿಯಲ್ಲಿ ಕುಳಿತು ಮೋಡ ನೋಡುತ್ತಿದ್ದರು. ಈ ಸಲ ಗೆರೆಗೆರೆಯಾಗಿ ಕಾಯುವ ಕೆಲಸವಿರಲಿಲ್ಲ. ಮೊಬೈಲನ್ನು ಅವರ ಕೈಗೆ ಕೊಟ್ಟೆ. ಗೋಪುರ ವಾಲಿ ಬಿದ್ದು ಧೂಳೆದ್ದಿತು. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಹಾಕಿಸಿ ನೋಡಿ, "ಮಳೆಗೆ ಹೆದರುತ್ತಿದ್ದದ್ದು ಇದೇ ಅಲ್ಲವಾ?" ಎಂದರು.