ಕ್ಯಾಚ್ ಕ್ಯಾನ್ ಹಾಕಿದ ಮೇಲೆ ನೀಲಿ ಹೊಗೆ: ಟರ್ಬೊ ಬಿಚ್ಚಿಸುವ ಮುಂಚೆ

ಕ್ಯಾಚ್ ಕ್ಯಾನ್ (ಎಂಜಿನ್ ಹೊರಬಿಡುವ ಗಾಳಿಯಲ್ಲಿನ ಆಯಿಲ್ ಹಿಡಿಯುವ ಡಬ್ಬಿ) ಹಾಕಿದ ವಾರದಲ್ಲೇ, ಐಡಲ್‌ನಲ್ಲಿ ನಿಂತು ಹೊರಡುವಾಗ ಕಾರು ನೀಲಿ ಹೊಗೆ ಬಿಡುತ್ತೆ, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಯಿತೇ ಅಂತ ಕೇಳಿದ್ದೀರಿ. ಹೆಚ್ಚಾಗಿ ಟರ್ಬೊ ಹೋಗಿರುವುದಿಲ್ಲ, ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಕೆಳಭಾಗದ ಪೆಟ್ಟಿಗೆ) ಉಸಿರು ಕಟ್ಟಿರುತ್ತೆ. ಟರ್ಬೊದ ಆಯಿಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುವುದು ತನ್ನ ಭಾರದಿಂದಲೇ. ಕೆಳಗೆ ಒತ್ತಡ ಏರಿದರೆ ಅದು ಇಳಿಯದೆ ಸೀಲ್ ದಾಟಿ ಎಕ್ಸಾಸ್ಟ್‌ಗೆ ನುಗ್ಗುತ್ತೆ.

ಮೊದಲು ಕ್ಯಾನ್ ತೆಗೆದು ಮೂಲ ಪೈಪುಗಳನ್ನೇ ಜೋಡಿಸಿ ಓಡಿಸಿ. ಸೈಲೆನ್ಸರ್‌ನಲ್ಲಿ, ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ಉರಿದು ಮುಗಿಯುವ ತನಕ ಹೊಗೆ ಬರುತ್ತೆ, ಮೊದಲ ದಿನವೇ ತೀರ್ಮಾನಿಸಬೇಡಿ.

ಆಮೇಲೆ ಹೊಗೆ ನಿಂತರೆ ಕ್ಯಾನ್‌ಗೆ ಹಾಕಿದ್ದ ಪೈಪಿನ ಒಳವ್ಯಾಸ ಅಳೆಯಿರಿ. 19 ಮಿ.ಮೀ. ಇದ್ದ ಕಡೆ 10 ಮಿ.ಮೀ. ಹಾಕಿದರೆ ಉಳಿಯುವ ದಾರಿ ಕಾಲು ಭಾಗದ ಆಸುಪಾಸು ಅಷ್ಟೇ. ಕ್ಯಾನ್ ಮೂಲಕ ಬಾಯಿಂದ ಊದಿ ನೋಡಿ, ಗಾಳಿ ಸಲೀಸಾಗಿ ಹೋಗಬೇಕು. ತಡೆದರೆ ಒಳಗಿನ ಜಾಲರಿ ಸಡಿಲಿಸಿ. ನನ್ನ ಕಾರಿನಲ್ಲಿ ತಣ್ಣಗಿದ್ದಾಗ ಪೈಪು ಗುಂಡಗೇ ಕಾಣುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಬಾಗಿದ ಜಾಗದಲ್ಲಿ ಮೆತ್ತಗಾಗಿ ಚಪ್ಪಟೆಯಾಗುತ್ತಿತ್ತು. ಹಾಗಾಗಿ ಬಿಸಿ ಇದ್ದಾಗಲೇ, ಕೈಗವಸು ಹಾಕಿ ಮುಟ್ಟಿ ನೋಡಿ. ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸ್ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ತೆಗೆದುಹಾಕಿದ್ದರೆ ಮರಳಿ ಕೂರಿಸಿ, ಇಲ್ಲದಿದ್ದರೆ ಟರ್ಬೊ ಒತ್ತಿದ ಗಾಳಿ (ಬೂಸ್ಟ್) ನೇರ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತೆ.

ಹೊಗೆ ನಿಲ್ಲದಿದ್ದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗರಿಷ್ಠ ಗೆರೆ ದಾಟಿದೆಯೇ ನೋಡಿ, ಟರ್ಬೊದ ಡ್ರೈನ್ ಪೈಪ್ ಬಿಚ್ಚಿ ತೊಳೆಯಿರಿ, ಕಂಪ್ರೆಸರ್ ಶಾಫ್ಟ್ ಅಲ್ಲಾಡಿಸಿ. ರೆಕ್ಕೆ ಗೋಡೆಗೆ ತಾಗಿದರೆ ಮಾತ್ರ ಟರ್ಬೊ ಇಳಿಸಿ. ಹೀಗೆ ಹೊಗೆ ನಿಲ್ಲದ ಡೀಸೆಲ್ ಕಾರಾದರೆ ಇದೆಲ್ಲ ಸರಿಯಾಗುವವರೆಗೆ ಓಡಿಸಲೇಬೇಡಿ: ಇಂಟೇಕ್‌ಗೆ (ಎಂಜಿನ್ ಗಾಳಿ ಎಳೆಯುವ ದಾರಿ) ಆಯಿಲ್ ಹೆಚ್ಚು ಹೋದರೆ ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡಬಹುದು.