ಕೋಚಿಂಗ್‌ನಲ್ಲಿ ಆಡಿದ ಮಾತು ಅಧ್ಯಕ್ಷರಿಗೆ ಹೋಗಬೇಕಾ?

ನಮಸ್ಕಾರ. ನಿಮ್ಮ ಸೇವಾ ಸಂಸ್ಥೆಗೆ ಒಬ್ಬ ಕೋಚ್, ಅಂದರೆ ಕೆಲಸದ ಗುರಿ, ತೊಡಕುಗಳ ಬಗ್ಗೆ ನಿಮ್ಮ ಜೊತೆ ಮಾತಾಡಿ ದಾರಿ ಕಂಡುಕೊಳ್ಳಲು ನೆರವಾಗುವವರು, ಸಿಕ್ಕಿದ್ದಾರೆ, ದುಡ್ಡು ಬೇಡ ಅಂದಿದ್ದಾರೆ. ಆದರೆ ಪ್ರತಿ ಭೇಟಿಯಲ್ಲಿ ಏನು ಮಾತಾಡಿದಿರಿ ಅಂತ ಆಡಳಿತ ಮಂಡಳಿಯ ಅಧ್ಯಕ್ಷರು ವರದಿ ಕೇಳುತ್ತಿದ್ದಾರೆ, ಒಪ್ಪಬೇಕಾ ಅಂತ ನಿಮ್ಮ ಪ್ರಶ್ನೆ.

ಒಪ್ಪಬೇಡಿ. ವರದಿ ಹೋಗುತ್ತದೆ ಅಂತ ಗೊತ್ತಿದ್ದರೆ ನೀವು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ನಿಮ್ಮ ದೊಡ್ಡ ತಲೆನೋವು ಅಧ್ಯಕ್ಷರೇ ಆಗಿರಬಹುದು, ಅಲ್ವಾ?

ಹಾಗಂತ ಅವರನ್ನು ಪೂರ್ತಿ ಹೊರಗಿಡುವುದೂ ಸರಿಯಲ್ಲ. ಶುರುವಿನಲ್ಲೇ ಮೂವರೂ ಒಮ್ಮೆ ಕೂತುಕೊಳ್ಳಿ. ಗುರಿ ಏನು, ಎಷ್ಟು ಭೇಟಿ, ಯಾವಾಗ ಮುಗಿಯುತ್ತದೆ ಅಂತ ಬರೆದಿಡಿ. ಅಧ್ಯಕ್ಷರಿಗೆ ಇಷ್ಟು ಗೊತ್ತಾದರೆ ಸಾಕು. ಬೇಕಿದ್ದರೆ ನಡುವೆ ಒಮ್ಮೆ ಪ್ರಗತಿಯನ್ನು ನೀವೇ ಹೇಳಿ, ಕೋಚ್ ಹೇಳುವುದು ಬೇಡ. ಇಂಥ ಕೋಚ್‌ಗಳ ಅಂತರರಾಷ್ಟ್ರೀಯ ಸಂಘವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ನೀತಿ ಸಂಹಿತೆಯೂ ಯಾರಿಗೆ ಯಾವ ಮಾಹಿತಿ ಹೋಗುತ್ತದೆ ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ ಅನ್ನುತ್ತದೆ. ಕಾನೂನು ಮುರಿಯುವ ವಿಷಯ, ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಗುಟ್ಟು ಉಳಿಯುವುದಿಲ್ಲ. ಅದನ್ನೂ ಬರೆಸಿ.

ಉಚಿತ ಯಾಕೆ ಅಂತಾನೂ ಸುಮ್ನೆ ಕೇಳಿಬಿಡಿ. ಆ ಫೆಡರೇಶನ್‌ನ ಮೊದಲ ಹಂತದ ಪ್ರಮಾಣಪತ್ರಕ್ಕೆ 100 ಗಂಟೆ ಕೋಚಿಂಗ್ ಅನುಭವ ಬೇಕು, ಅದರಲ್ಲಿ ಸ್ವಲ್ಪ ಭಾಗ ಉಚಿತ ಇರಬಹುದು. ಗಂಟೆ ಕೂಡಿಸುವವರಾದರೂ ತಪ್ಪೇನಿಲ್ಲ, ತಿಳಿದಿದ್ದರೆ ಒಳ್ಳೆಯದು ಅಷ್ಟೆ. ಆದರೆ ಆ ಕೋಚ್ ನಿಮ್ಮ ಮಂಡಳಿಯ ಸದಸ್ಯರೋ ದೊಡ್ಡ ದಾನಿಯೋ ಆಗಿದ್ದರೆ, ಬೇರೆಯವರನ್ನು ಹುಡುಕಿ.