ಹಳೆಯ ಪಕ್ಷಗಳ ಮೇಲಿನ ಜನರ ಸಿಟ್ಟು ಹೊರಗಿನವರನ್ನು ಏಕೆ ನಾಯಕರನ್ನಾಗಿಸುತ್ತದೆ?

ಬಡತನವೊಂದರಿಂದಲೇ ಇಂತಹ ಸಿಟ್ಟು ಹುಟ್ಟುವುದಿಲ್ಲ. ತಮ್ಮ ಕಷ್ಟವನ್ನು ಆಳುವವರೂ ಕೇಳುತ್ತಿಲ್ಲ, ವಿರೋಧಿಗಳೂ ಕೇಳುತ್ತಿಲ್ಲ ಎಂದು ಜನರಿಗೆ ಮನವರಿಕೆಯಾದಾಗ ಅದು ರಾಜಕೀಯ ರೂಪ ಪಡೆಯುತ್ತದೆ.

1890ರ ಆಸುಪಾಸಿನಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಮೆಕ್ಕೆಜೋಳದ ಬೆಲೆ ಎಷ್ಟು ಕುಸಿದಿತ್ತೆಂದರೆ, ಕಲ್ಲಿದ್ದಲು ಕೊಳ್ಳುವ ಬದಲು ತಾವೇ ಬೆಳೆದ ಮೆಕ್ಕೆಜೋಳವನ್ನು ಒಲೆಗೆ ಹಾಕಿ ಚಳಿ ಕಾಯಿಸಿಕೊಂಡ ರೈತರಿದ್ದರು. ಸಾಲದ ಹೊರೆ ಮತ್ತು ರೈಲು ಸಾಗಣೆಯ ದುಬಾರಿ ದರದಿಂದ ನಲುಗಿದ್ದ ಇಂಥವರ ಬೆಂಬಲದಿಂದ ಬೆಳೆದ ಪೀಪಲ್ಸ್ ಪಾರ್ಟಿಯ ಅಭ್ಯರ್ಥಿ ಜೇಮ್ಸ್ ವೀವರ್, 1892ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಪಕ್ಷ ಬಾಳಲಿಲ್ಲ, ಆದರೆ ಅದು ಕೇಳಿದ್ದ ಆದಾಯ ತೆರಿಗೆಗೂ ಸೆನೆಟರ್‌ಗಳ (ಮೇಲ್ಮನೆ ಸದಸ್ಯರ) ನೇರ ಚುನಾವಣೆಗೂ 1913ರಲ್ಲಿ ಸಂವಿಧಾನ ತಿದ್ದುಪಡಿಗಳು ಬಂದವು. ಆದ್ದರಿಂದ ಜನರ ಇಂತಹ ಅಸಮಾಧಾನವನ್ನು ಅವಿವೇಕವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಅಪಾಯವಿರುವುದು ನಾಯಕನೊಬ್ಬ ‘ನಾನೇ ಜನ’ ಎಂದು ಭಾವಿಸಿದಾಗ. ಪೆರುವಿನಲ್ಲಿ ವಿಪರೀತ ಹಣದುಬ್ಬರ ಹಾಗೂ ಉಗ್ರರ ಹಿಂಸೆಯಿಂದ ಬೇಸತ್ತಿದ್ದ ಮತದಾರರು, ಟ್ರ್ಯಾಕ್ಟರ್ ಏರಿ ಪ್ರಚಾರ ಮಾಡಿದ ಕೃಷಿ ವಿಜ್ಞಾನಿ ಆಲ್ಬರ್ಟೊ ಫುಜಿಮೊರಿಯವರನ್ನು 1990ರಲ್ಲಿ ಗೆಲ್ಲಿಸಿದರು. ಹಣದುಬ್ಬರ ಇಳಿಯಿತು ಎಂಬುದನ್ನು ಮರೆಯಬಾರದು. ಆದರೆ 1992ರ ಏಪ್ರಿಲ್ 5ರಂದು ಅವರು ಸೇನೆಯ ಬೆಂಬಲದೊಂದಿಗೆ ಸಂಸತ್ತನ್ನೇ ವಿಸರ್ಜಿಸಿದರು. ಆಗಲೂ ಬಹುಪಾಲು ಜನ ಅವರ ಪರವಾಗಿಯೇ ಇದ್ದರು, ಏಕೆಂದರೆ ಆ ಸಂಸತ್ತಿನ ಮೇಲೆ ಜನರಿಗೆ ನಂಬಿಕೆ ಉಳಿದಿರಲಿಲ್ಲ. ಮಾನವ ಹಕ್ಕುಗಳ ಉಲ್ಲಂಘನೆಗಾಗಿ ಫುಜಿಮೊರಿಯವರಿಗೆ 25 ವರ್ಷಗಳ ಸೆರೆವಾಸ ವಿಧಿಸಿದ ತೀರ್ಪು ಬಂದದ್ದು 2009ರಲ್ಲಿ.